ಗುಂಡನ ಹೂಂ

ಪುಕ್ಕಟೆ ಎಂದ ತಕ್ಷಣ ನನ್ನ ಕಿವಿ ನೆಟ್ಟಗಾಗುತ್ತದೆ. ಈ ಕಾಲದಲ್ಲಿ ಯಾರು ಯಾರಿಗೆ ಸುಮ್ಮನೆ ಏನು ಮಾಡುತ್ತಾರೆ? ಅದಕ್ಕೇ, ಮನೆಯಲ್ಲಿ ಕೈಲಾಗದವರನ್ನು ನೋಡಿಕೊಳ್ಳುವವರ ಪರವಾಗಿ ಫೀಸಿಲ್ಲದೆ ಕೇಸು ನಡೆಸುವ ಸಂಘದಿಂದ ಆ ಲಾಯರಮ್ಮ ಬಂದಾಗ, ನಾನು ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಡದೆಯೇ ಮಾತಾಡಿಸಿದೆ.

ಕೇಸು ನನ್ನ ತಮ್ಮನದು. ವಯಸ್ಸು ನಲವತ್ತು, ಬುದ್ಧಿ ಮಗುವಿನದು. ಬೀದಿಯವರೆಲ್ಲ ಗುಂಡ ಎನ್ನುತ್ತಾರೆ. ನನ್ನ ಇಸ್ತ್ರಿ ಅಂಗಡಿಯ ಮೂಲೆಯಲ್ಲಿ ಕೂತು ಕರ್ಚೀಫು ಮಡಿಸುತ್ತಾನೆ. ಅಂಚಿಗೆ ಅಂಚು ಕೂರದಿದ್ದರೆ ಬಿಚ್ಚಿ ಮತ್ತೆ ಮಡಿಸುತ್ತಾನೆ. ಅಮ್ಮ ಸಾಯುವ ಮೊದಲು ಅಂಗಡಿಯನ್ನು ಅವನ ಹೆಸರಿಗೆ ಮಾಡಿದ್ದಳು. ಅಲ್ಲಿಯವರೆಗೆ ಇತ್ತ ತಲೆ ಹಾಕದ ಚಿಕ್ಕಪ್ಪನಿಗೆ ಆಮೇಲೆ ಅಣ್ಣನ ಮಗನ ಮೇಲೆ ಪ್ರೀತಿ ಉಕ್ಕಿ ಬಂತು. ತನ್ನನ್ನೇ ಅವನ ಪೋಷಕನನ್ನಾಗಿ ಮಾಡಿ ಎಂದು ಕೋರ್ಟಿಗೆ ಹೋದ. ಗೆದ್ದರೆ ಗುಂಡನನ್ನು ಎಲ್ಲೋ ದೂರದ ಹಾಸ್ಟೆಲ್ಲಿಗೆ ತಳ್ಳಿ ಅಂಗಡಿಯನ್ನು ನುಂಗುತ್ತಾನೆ. ಅಂಗಡಿ ಹಾಳಾಗಿ ಹೋಗಲಿ, ಗುಂಡನಿಲ್ಲದೆ ನಾನು ಬದುಕುವುದು ಹೇಗೆ?

ಗುಂಡನ ತೊಂದರೆ ಒಂದೇ. ಯಾರು ಏನು ಕೇಳಿದರೂ ಹೂಂ ಎನ್ನುತ್ತಾನೆ. ಹುಡುಗರು ಕೆಣಕಿದಾಗ ಜಗಳ ಬೇಡವೆಂದು ಅಮ್ಮ ಕಲಿಸಿದ್ದು. "ಊಟ ಮಾಡ್ತೀಯಾ?" ಹೂಂ. "ಊಟ ಆಯ್ತಾ?" ಅದಕ್ಕೂ ಹೂಂ. "ನೀನು ಪೊಲೀಸ್ ಸಾಹೇಬ್ರಾ?" ಹೂಂ. ಬೀದಿಗೆ ಅದೊಂದು ತಮಾಷೆ.

ಲಾಯರಮ್ಮ ಆಗಾಗ ಬರತೊಡಗಿದಳು. ಬಂದವಳೇ ಗುಂಡನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬರೀ ಗುಸುಗುಸು, ನಗು. ಕಿವಿಗೊಟ್ಟರೂ ಒಂದು ಅಕ್ಷರ ಕೇಳುತ್ತಿರಲಿಲ್ಲ. ಹಾಳಾದ ಬಾಗಿಲು! ಇದರ ಮಧ್ಯೆ ಚಿಕ್ಕಪ್ಪನ ಫೋನು ಬಂತು.

"ನಿನ್ನ ಲಾಯರಮ್ಮ ಒಳ್ಳೇ ಹೆಣ್ಣುಮಗಳು ಕಣಮ್ಮ. ಕೋರ್ಟಲ್ಲಿ ಗುಂಡನ್ನೇ ಕೇಳೋಣ ಅಂದೆ, ತಕ್ಷಣ ಒಪ್ಕೊಂಡ್ಳು."

ಚಿಕ್ಕಪ್ಪ 'ಬರ್ತೀಯಾ' ಎಂದರೆ ಗುಂಡ ಏನೆನ್ನುತ್ತಾನೆಂದು ಬೀದಿ ನಾಯಿಗೂ ಗೊತ್ತು. ಇವಳು ಚಿಕ್ಕಪ್ಪನ ಕಡೆಯವಳೇ, ಸಂಶಯವೇ ಇಲ್ಲ ಎಂದುಕೊಂಡೆ. ಯೋಚನೆಯಲ್ಲಿ ಯಾರದೋ ಬಿಳಿ ಅಂಗಿಯ ಕಾಲರು ಸುಟ್ಟೆ.

ಮರುದಿನ ಸ್ನಾನಕ್ಕೆ ಕರೆದರೆ ಗುಂಡ, "ಬೇಡ" ಎಂದ.

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಕೇಳದ ಮಾತು. ಊಟಕ್ಕೂ ಬೇಡ, ಟೀಗೂ ಬೇಡ. ನನ್ನ ತಲೆ ಕೆಟ್ಟುಹೋಯಿತು. ಲಾಯರಮ್ಮ ಒಳಗೆ ಕಾಲಿಡುವ ಮೊದಲೇ ಅಡ್ಡ ನಿಂತೆ.

"ಚಿಕ್ಕಪ್ಪ ಎಷ್ಟು ಕೊಟ್ಟ ನಿಮಗೆ? ನನ್ನ ತಮ್ಮನ್ನ ನನ್ನ ಮೇಲೇ ಎತ್ತಿಕಟ್ತಿದ್ದೀರಾ?"

"ಬೇಡ ಅಂದ್ನಾ?" ಎಂದಳು. ಮುಖದಲ್ಲಿ ನಗು ಬೇರೆ.

"ಎಲ್ಲದಕ್ಕೂ!"

"ಜಡ್ಜು ಹೇಗಿದ್ರೂ ಅವನನ್ನ ಕೇಳೇ ಕೇಳ್ತಾರೆ, ಅಕ್ಕ. ಬೇಡ ಅನ್ನೋಕೆ ಬರದೋನು ಹೂಂ ಅಂದ್ರೆ ಅದಕ್ಕೇನು ಬೆಲೆ? ಅದನ್ನೇ ಕಲಿಸ್ತಿದ್ದೆ. ಯಾವುದಕ್ಕೆ ಬೇಡ ಅನ್ಬೇಕು ಅಂತ ಹೇಳ್ಕೊಟ್ಟಿಲ್ಲ, ಅದು ಅವನಿಷ್ಟ. ನೀವು ಎದುರಿಗಿದ್ರೆ ನಿಮ್ಮ ಮುಖ ನೋಡ್ಕೊಂಡು ಹೂಂ ಅಂತಾನೆ. ಅದಕ್ಕೇ ಬಾಗಿಲು ಹಾಕ್ತಿದ್ದೆ."

"ಅಲ್ಲಿ ನನಗೂ ಬೇಡ ಅಂದ್ರೆ?"

"ಅನ್ಬಹುದು."

ಅವಳು ಮೆತ್ತಗೆ ಕೇಳಿದಳು, "ನೀವು ಕೊನೇ ಸಲ ಯಾರಿಗಾದ್ರೂ ಬೇಡ ಅಂದಿದ್ದು ಯಾವಾಗ, ಅಕ್ಕ?"

"ನನ್ನನ್ನ ಯಾರು ಕೇಳ್ತಾರೆ, ಹೋಗಮ್ಮ" ಎಂದೆ. ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಅನುಮಾನ ಮಾತ್ರ ಹೋಗಲಿಲ್ಲ.

ಕೋರ್ಟಿನ ದಿನ, ನಾನು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದ ಅಂಗಿಗೂ ಗುಂಡ ಬೇಡ ಎಂದ. ಹಳೇ ಟೀ ಶರ್ಟಿನಲ್ಲೇ ಹೊರಟ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಜಡ್ಜಮ್ಮನ ಎದುರು ಚಿಕ್ಕಪ್ಪ ಬೆಣ್ಣೆಯಂಥ ದನಿ ತೆಗೆದ. "ಗುಂಡಾ, ನನ್ನ ಜೊತೆ ಬರ್ತೀಯಾ, ಕಂದ?"

ಗುಂಡ ಅವನನ್ನೇ ನೋಡಿದ. "ಬೇಡ."

ಚಿಕ್ಕಪ್ಪನ ಮುಖ ಬಿಳಿಚಿತು. "ಇವರು ಹೇಳ್ಕೊಟ್ಟಿದ್ದಾರೆ, ಅಮ್ಮಾವ್ರೇ! ಅಕ್ಕನ ಬಗ್ಗೆ ಕೇಳಿದ್ರೂ ಅದನ್ನೇ ಅಂತಾನೆ, ಬೇಕಾದ್ರೆ ಕೇಳಿ ನೋಡಿ!"

ಜಡ್ಜಮ್ಮ ಮುಂದಕ್ಕೆ ಬಾಗಿ ಕೇಳಿದರು, "ಅಕ್ಕನ ಜೊತೆ ಇರ್ತೀಯೇನಪ್ಪ?"

ಗುಂಡ ನನ್ನತ್ತ ತಿರುಗುವುದು ಕಂಡಿತು. ನನ್ನ ಮುಖ ನೋಡಿ ಹೇಳುವಂತಾಗಬಾರದು ಎಂದು ಗೋಡೆಯ ಕಡೆ ತಿರುಗಿ ನಿಂತೆ. ಎಷ್ಟು ಹೊತ್ತಾದರೂ ದನಿಯಿಲ್ಲ.

"ಹೂಂ."

ಸಾವಿರ ಸಲ ಕೇಳಿದ್ದ ಹೂಂ. ಆದರೆ ಅವನು ನಿಜವಾಗಿ ಅಂದದ್ದು ಇದೊಂದೇ. ಜಡ್ಜಮ್ಮ ಗುಂಡನನ್ನು ನನಗೇ ಒಪ್ಪಿಸಿದರಂತೆ. ಅದನ್ನು ನನಗೆ ಆಮೇಲೆ ಲಾಯರಮ್ಮ ಹೇಳಬೇಕಾಯಿತು. ಗೋಡೆಗೆ ಹಣೆಯೊತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ ನನಗೆ ಏನೂ ಕೇಳಿಸಿರಲಿಲ್ಲ.

ಗುಂಡ ಬಂದು ತೋಳು ಜಗ್ಗಿದ. ಅಂಚಿಗೆ ಅಂಚು ಕೂಡಿಸಿ ಮಡಿಸಿದ ಕರ್ಚೀಫು ಅವನ ಕೈಯಲ್ಲಿತ್ತು.

"ಅಕ್ಕ, ಅಳೋದು ಬೇಡ" ಎಂದ.

ನಾನು ಅವನ ಮಾತು ಕೇಳಲಿಲ್ಲ. ಅವನು ಮಡಿಸಿದ ಕರ್ಚೀಫನ್ನು ಬಿಚ್ಚಿ, ಅದರಲ್ಲೇ ಮುಖ ಮುಚ್ಚಿಕೊಂಡು ಇನ್ನಷ್ಟು ಅತ್ತೆ.