ತುದಿಯ ಸಕ್ಕರೆ

ಕೊಲ್ಲುವುದಿಲ್ಲ, ತುದಿಯ ಸಕ್ಕರೆಯನ್ನು ಕತ್ತರಿಸಿ ಬಿಡುತ್ತದೆ, ಅಷ್ಟೆ. ಈ ವಾಕ್ಯವನ್ನು ವರದಿಯಲ್ಲಿ ಹಾಗೆಯೇ ಬರೆಯಬಹುದೇ ಎಂದು ಯೋಚಿಸುತ್ತ ಅವಳು ಕೈಗವಸು ಕಳಚಿದಳು.

ಪ್ರಯೋಗಾಲಯದಲ್ಲಿ ಅವಳು ಪರೀಕ್ಷಿಸುತ್ತಿದ್ದ, ಶ್ವಾಸಕೋಶಕ್ಕೆ ಇಳಿಯುವ ಬ್ಯಾಕ್ಟೀರಿಯಾ ತನ್ನ ಮೈಮೇಲೆಯೇ ಒಂದು ಕಿಣ್ವವನ್ನು ಹೊತ್ತು ತಿರುಗುತ್ತದೆ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಸಕ್ಕರೆಯ ಎಳೆಗಳಿವೆ. ಎಳೆಯ ತುದಿಯ ಸಕ್ಕರೆಯನ್ನು ಕಂಡು ದೇಹ ‘ಇದು ನಮ್ಮದು’ ಎಂದುಕೊಳ್ಳುತ್ತದೆ. ಕಿಣ್ವ ಕತ್ತರಿಸುವುದು ಅದನ್ನೇ. ಜೀವಕೋಶವೇನೋ ಬದುಕಿಯೇ ಇರುತ್ತದೆ. ಮನೆಯವರಿಗೆ ಮಾತ್ರ ಅದರ ಗುರುತು ಹತ್ತುವುದಿಲ್ಲ.

“ಮೇಡಂ, ಇದನ್ನ ನನ್ನ ರಕ್ತಕ್ಕೆ ಬಿಟ್ರೆ ಸಕ್ಕರೆ ಕಾಯಿಲೆ ಹೋಗುತ್ತಾ?” ಎಂದ ಪಕ್ಕದ ಮೇಜಿನ ಸಹೋದ್ಯೋಗಿ. ಎಲ್ಲರೂ ಅವನನ್ನು ಗುಂಡಣ್ಣ ಎನ್ನುತ್ತಿದ್ದರು.

“ಹೋಗುತ್ತೆ. ಜೊತೆಗೆ ನೀವೂ ಹೋಗ್ತೀರಿ.”

“ಏನು, ಇವತ್ತು ಬೇಗ ಹೊರಟ್ರಿ?”

“ಮನೇಲಿ ಸ್ವಲ್ಪ ಕೆಲಸ.”

ಅವಳಿಗೊಬ್ಬ ಮಗಳಿದ್ದಾಳೆಂದು ಗುಂಡಣ್ಣನಿಗೆ ಗೊತ್ತಿರಲಿಲ್ಲ.

ಗಂಡ ಬಿಟ್ಟುಹೋದ ವರ್ಷ ಮಗುವನ್ನು ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ರೋಗಾಣುಗಳ ನಡುವೆ ಕೆಲಸ, ಮಗು ಸಣ್ಣದು, ಎಂದಿದ್ದಳು. ಕಾರಣ ಎಷ್ಟು ಚೊಕ್ಕವಾಗಿತ್ತೆಂದರೆ ಅವಳೇ ಅದನ್ನು ನಂಬಿಬಿಟ್ಟಿದ್ದಳು. ಈಗ ಮಗಳಿಗೆ ಆರು ತುಂಬಿತ್ತು.

ಅಕ್ಕ ಬಾಗಿಲಲ್ಲೇ ಮಗುವಿನ ಚೀಲ ತಂದಿಟ್ಟಿದ್ದಳು.

“ಬಂದ್ಯಾ? ಊಟ ಆಯ್ತಾ?”

“ಆಯ್ತು.” ಆಗಿರಲಿಲ್ಲ.

“ಇವತ್ತೊಂದು ರಾತ್ರಿ ಇರ್ಲಿ, ನೋಡೋಣ. ಹಠ ಮಾಡಿದ್ರೆ ಬೆಳಿಗ್ಗೆ ವಾಪಸ್ ಕರ್ಕೊಂಡು ಬಾ.”

“ಮಾಡದಿದ್ರೆ?”

“ಮಾಡದಿದ್ರೆ ನಿನ್ನ ಹತ್ರಾನೇ ಇರ್ಲಿ. ಹೆತ್ತೋಳು ನೀನಲ್ವೇನೇ?” ಅಕ್ಕ ನಕ್ಕಳು. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎನ್ನುತ್ತ ಒಳಗೆ ಹೋದಳು. ಒಲೆ ಆರಿದ್ದುದು ಬಾಗಿಲಿನಿಂದಲೇ ಕಾಣುತ್ತಿತ್ತು.

“ಅಮ್ಮಾ, ಹೋಗ್ಬರ್ತೀನೇ!”

ಅವಳು ತಟ್ಟನೆ ಬಗ್ಗಿದಳು. ಮಗಳು ಕೂಗಿದ್ದು ಅಡಿಗೆಮನೆಯ ಕಡೆಗೆ.

ಬಸ್ಸಿನಲ್ಲಿ ಮಗಳನ್ನು ಕೇಳಿದಳು: “ಕಿಟಕಿ ಪಕ್ಕ ಕೂತ್ಕೋತೀಯಾ?”

“ನೀವು ಕೂತ್ಕೊಳ್ಳಿ.”

ನೀವು. ಹಿಂದೊಮ್ಮೆ ಇದೇ ಬಾಯಿ ‘ನೀನು ಕೆಟ್ಟೋಳು, ಹೋಗು’ ಎಂದು ಕಿರುಚಿತ್ತು. ಇದೇ ಕೈ ಅವಳ ಕೂದಲು ಜಗ್ಗಿತ್ತು. ಈಗ ಬಹುವಚನ ಬಂದಿತ್ತು.

ಮುಂದಿನ ಸೀಟಿನ ಹೆಂಗಸು ತಿರುಗಿದಳು. “ಎಷ್ಟು ಚೆನ್ನಾಗಿ ಮರ್ಯಾದೆ ಕಲಿಸಿದ್ದೀರ್ರೀ! ನಮ್ಮನೇಲೂ ಒಂದಿದೆ, ಹೆತ್ತಪ್ಪನ್ನೇ ‘ಏನೋ’ ಅನ್ನುತ್ತೆ.”

“ಹೌದು,” ಎಂದಳು, ತಾನೇ ಕಲಿಸಿದವಳಂತೆ. ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು.

ಮನೆಯಲ್ಲಿ ಮಗಳು ಕುರ್ಚಿಯ ಅಂಚಿಗೆ ಕೂತಳು. ಬೆನ್ನಿನ ಚೀಲ ಇಳಿಸಲಿಲ್ಲ.

“ಟೀವಿ ಹಾಕ್ಲಾ?”

“ಪರವಾಗಿಲ್ಲ.”

“ಬಿಸ್ಕತ್ತು?”

“ಆಮೇಲೆ ತಿಂತೀನಿ.”

“ದೊಡ್ಡಮ್ಮನ ನೆನಪಾಗ್ತಿದ್ಯಾ?”

“ಇಲ್ಲ.”

ಒಂದೊಂದು ಉತ್ತರವೂ ಇಸ್ತ್ರಿ ಮಾಡಿ ಮಡಿಚಿಟ್ಟಂತೆ. ಅಳುತ್ತಾಳೆಂದು ಕಾದಳು. ಕಾಲು ಬಡಿಯಲಿ, ಏನಾದರೂ ಎಸೆಯಲಿ. ಹುಡುಗಿ ಹಠ ಮಾಡಲಿಲ್ಲ. ಅಕ್ಕನ ಷರತ್ತಿನ ಪ್ರಕಾರ ತಾಯಿ ಗೆದ್ದಿದ್ದಳು. ಹಠ ಮಾಡುವುದಕ್ಕೂ ಒಂದು ಸಲುಗೆ ಬೇಕೆಂಬುದು ಷರತ್ತು ಹಾಕುವಾಗ ಅಕ್ಕನಿಗೆ ಗೊತ್ತಿತ್ತೇ?

“ಸ್ವಲ್ಪ ನೀರು ಕೊಡ್ತೀರಾ?”

ಗಾಜಿನ ಲೋಟದಲ್ಲಿ ತಂದುಕೊಟ್ಟಳು. ಮಗಳು ಕತ್ತು ಹಿಂದಕ್ಕೆ ಚೆಲ್ಲಿ, ಎರಡೂ ಕೈಯಲ್ಲಿ ಲೋಟವನ್ನು ತುಟಿಗೆ ತಾಗಿಸದೆ ಮೇಲೆತ್ತಿ ಸುರಿದುಕೊಂಡಳು. ನೀರು ಗದ್ದದಿಂದ ಇಳಿದು ಅಂಗಿ ತೋಯಿಸಿತು.

“ಕಚ್ಚಿ ಕುಡಿಯೇ, ಪುಟ್ಟಿ.”

“ಬೇರೆಯವರ ಮನೇಲಿ ಕಚ್ಚಿ ಕುಡೀಬಾರ್ದು.”

“ಯಾರು ಹೇಳಿದ್ದು?”

“ಅಮ್ಮ.”

ಯಾವ ಅಮ್ಮ ಎಂದು ಅವಳು ಕೇಳಲಿಲ್ಲ. ರೋಗಾಣುಗಳ ಹೆಸರು ಹೇಳಿ ಹೆದರಿಸಿ, ಎಂದೋ ಒಂದು ದಿನ ತಾನೇ ಹೇಳಿಕೊಟ್ಟಿದ್ದಿರಬಹುದು.

ಖಾಲಿ ಲೋಟವನ್ನು ತೆಗೆದುಕೊಂಡು, ಕೈಯ ರೂಢಿಯಂತೆ, ದೀಪದ ಬೆಳಕಿಗೆ ಹಿಡಿದಳು. ಅಂಚನ್ನು ಮೆಲ್ಲಗೆ ತಿರುಗಿಸಿದಳು. ತುಟಿ ತಾಗಿದ ಒಂದು ಮಸುಕೂ ಇರಲಿಲ್ಲ. ಅಷ್ಟು ಶುದ್ಧವಾದ ಗಾಜು ಪ್ರಯೋಗಾಲಯದಲ್ಲೂ ಅವಳಿಗೆ ಎಂದೂ ಸಿಕ್ಕಿರಲಿಲ್ಲ.