ಏಕಾಂತಯ್ಯನವರು ಮಡಿಸಿದ ಪ್ಯಾರಾಚೂಟು

ನಮ್ಮನೆಯವರ ಕೈಗೆ ಸಿಕ್ಕಿಬಿದ್ದವರಿಗೆ ತಾವು ಕೆಲಸ ಮಾಡಿದ ವಿಮಾನನೆಲೆಯ ಚರಿತ್ರೆ ಪೂರ್ತಿ ಕೇಳದೆ ಬಿಡುಗಡೆಯಿಲ್ಲ. ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಉತ್ತರದ ಗೋಧಿ ಹೊಲಗಳ ನಡುವೆ ರನ್‌ವೇ ಹಾಕಿದ್ದು, ಅದು ನಮ್ಮ ವಾಯುಪಡೆಯ ಕೈಗೆ ಬಂದದ್ದು, ಆಮೇಲೆ ಸೈನಿಕರಿಗೆ ವಿಮಾನದಿಂದ ಜಿಗಿಯುವುದನ್ನು ಕಲಿಸುವ ಶಾಲೆ ಶುರುವಾದದ್ದು, ಒಂದನ್ನೂ ಬಿಡುವುದಿಲ್ಲ. ಗುಬ್ಬಿಯಲ್ಲಿ ನನ್ನ ತಂಗಿ ಮಗಳ ಮದುವೆಯಲ್ಲಿ ಬೀಗರ ಎಲೆಯ ಮೇಲಿನ ಅನ್ನ ಆರಿಹೋಗುವವರೆಗೂ ಹೇಳಿದರು. ನನಗೆ ನಾಚಿಕೆಯಾಗಿ ಹೋಯಿತು.

"ಅದ್ಸರಿ ಭಾವ, ಅಲ್ಲಿ ನೀವೇನ್ ಮಾಡ್ತಿದ್ರಿ?" ಎಂದು ನನ್ನ ತಂಗಿ ಕೇಳಿದ್ದಕ್ಕೆ ಮಾತ್ರ, "ಬಟ್ಟೆ ಮಡಿಸ್ತಿದ್ದೆ" ಎಂದು ಎದ್ದುಹೋದರು.

ಇವರು ಮಡಿಸುತ್ತಿದ್ದದ್ದು ಪ್ಯಾರಾಚೂಟು. ಮಡಿಸಿ, ಸಹಿ ಹಾಕಿ ಕೊಟ್ಟರೆ ಮುಗಿಯಿತು. ಬಿಚ್ಚಿಕೊಂಡರೆ ಯಾರೂ ಬಂದು ಹೇಳುವುದಿಲ್ಲ. ಬಿಚ್ಚಿಕೊಳ್ಳದಿದ್ದರೆ ಹೆಸರು ಹಿಡಿದು ವಿಚಾರಣೆಗೆ ಕರೆಸುತ್ತಾರೆ. ರಿಟೈರಾಗಿ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿ ಮೂರು ವರ್ಷವಾದರೂ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಇವರ ಮುಖ ಬಿಳಿಚಿಕೊಳ್ಳುತ್ತದೆ. "ಇನ್ನೂ ಏನ್ರೀ ಭಯ?" ಎಂದು ಎಷ್ಟು ಸಲ ರೇಗಿದ್ದೇನೋ.

ಹೋದ ಭಾನುವಾರ ಮಿಲಿಟರಿ ಕ್ರಾಪಿನ ಒಬ್ಬ ಹುಡುಗ, ಹೆಂಡತಿ ಮತ್ತು ಕೈಕೂಸಿನ ಜೊತೆ ಬಾಗಿಲಿಗೆ ಬಂದ.

"ಏಕಾಂತಯ್ಯ ಸರ್ ಅಲ್ವಾ? ನಾನು ರೇಣುಕಾಪ್ರಸಾದ್ ಅಂತ, ಕುಣಿಗಲ್‌ನೋನು. ನೀವು ಮಡಿಸಿದ್ದ ಒಂದು ಪ್ಯಾರಾಚೂಟ್ ವಿಷ್ಯ ಮಾತಾಡ್ಬೇಕಿತ್ತು."

ಇವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಯಾರಪ್ಪ ಹೋಗಿದ್ದು?"

"ಅಯ್ಯೋ, ಯಾರೂ ಹೋಗಿಲ್ಲ ಸರ್! ಟ್ರೈನಿಂಗ್‌ನಲ್ಲಿ ನನ್ನ ಬೆನ್ನಿನ ಪ್ಯಾರಾಚೂಟ್ ಬಿಚ್ಕೊಳ್ಳಲಿಲ್ಲ. ಎದೆ ಮೇಲಿನ ಎರಡನೇದು ಎಳ್ದೆ, ಅದು ಬಿಚ್ಕೊಳ್ತು. ಅದರಲ್ಲಿ ನಿಮ್ಮ ಸಹಿ ಇತ್ತು."

"ಬೆನ್ನಿಂದು ಮಡಿಸಿದವ್ನಿಗೆ ಏನೂ ಆಗ್ಲಿಲ್ಲ ತಾನೆ?"

"ಗಾಳಿಗೆ ಹಗ್ಗ ತಿರುಚ್ಕೊಂಡಿತ್ತು. ಅವ್ರ ತಪ್ಪಲ್ಲ ಅಂತ ಆಯ್ತು ಸರ್."

ಎರಡನೆಯದರಲ್ಲಿ ಇಳಿದವನು ಅದನ್ನು ಮಡಿಸಿದವರ ಬಾಯಿಗೆ ತನ್ನ ಕೈಯಾರೆ ಸಿಹಿ ಹಾಕಬೇಕಂತೆ, ಅಲ್ಲಿಯ ರೂಢಿ. ಈ ಹುಡುಗ ಸಿಹಿ ಹಿಡಿದು ಹೋಗುವ ಹೊತ್ತಿಗೆ ಇವರು ರಿಟೈರಾಗಿ ಬಂದಿದ್ದರು. ಆಮೇಲೆ ಅವನಿಗೆ ಗಡಿಯಲ್ಲಿ ಪೋಸ್ಟಿಂಗ್. ಈ ಸಲದ ರಜದಲ್ಲಿ ವಿಳಾಸ ಹುಡುಕಿ ಬಂದಿದ್ದ. ನಾನು ಎಲ್ಲರನ್ನೂ ಒಳಗೆ ಕರೆದು ಕೂರಿಸಿದ ಮೇಲೆ, ಕೂಸನ್ನು ಇವರ ತೊಡೆಯ ಮೇಲೆ ಮಲಗಿಸಿ, ಮೈಸೂರ್ ಪಾಕು ಮುರಿದು ಬಾಯಿಯ ಹತ್ತಿರ ಹಿಡಿದ. ನನಗೆ ಸಂತೋಷ ತಡೆಯಲಾಗಲಿಲ್ಲ. ಇವರೋ, ಸಿಹಿ ತಿನ್ನದೆ ಅವನನ್ನೇ ಕೇಳಿದರು.

"ಮಿಕ್ಕೋರೆಲ್ಲ ಇಳಿದ್ರೇನಪ್ಪ?"

"ಯಾವ ಮಿಕ್ಕೋರು ಸರ್?"

"ನಾನು ಮಡಿಸಿದ್ದು ಕಟ್ಕೊಂಡು ಜಿಗಿದೋರು."

ಹುಡುಗನ ಕೈ ಹಾಗೇ ನಿಂತಿತು.

"ನಿಮ್ಮನ್ನ ಯಾವತ್ತಾದ್ರೂ ಕರೆಸಿದ್ರಾ ಸರ್?"

"ಇಲ್ಲ."

"ಮತ್ತಿನ್ನೇನು? ಎಲ್ರೂ ಇಳಿದವ್ರೆ. ಇಳಿದು ಮನೆಗೂ ಹೋಗವ್ರೆ."

ಇವರು ಬಾಯಿ ತೆರೆದರು. ಮೈಸೂರ್ ಪಾಕು ಬಾಯಲ್ಲಿರುವಾಗಲೇ ಅಳತೊಡಗಿದರು. ನಾನೂ ಅತ್ತೆ, ಅವನ ಹೆಂಡತಿಯೂ ಅತ್ತಳು. ಹುಡುಗ ಕಾಲಿಗೆ ಬೀಳಲು ಬಗ್ಗಿದರೆ ಇವರು ಬಿಡಲಿಲ್ಲ. ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

"ಇಳಿದೆ ಅಂತ ಬಂದು ಹೇಳಿದ್ಯಲ್ಲಪ್ಪ. ನಿನ್ ಹೊಟ್ಟೆ ತಣ್ಣಗಿರ್ಲಿ."