ಗೋಲ್‌ಕೀಪರ್‌ನ ಹೆಸರು

“ಆ ಹೆಸರು ತೆಗಿ,” ಎಂದ ಹ್ಯೂ ಟೆನೆಂಟ್.

ಅರ್ಧ ಆಟ ಮುಗಿದಿತ್ತು. ಕಾರ್ನ್‌ಹೋಪ್ ರೋವರ್ಸ್ ಎರಡು ಗೋಲು ಹಿಂದಿತ್ತು. ಸಮಿತಿಯ ತಗಡಿನ ಕೋಣೆಯ ತುಂಬ ಪೈಗಳ ಕೊಬ್ಬಿನ ವಾಸನೆ. ಮೇಜಿನ ಮೇಲೆ ಕ್ಲಬ್ಬಿನ ಚರಿತ್ರೆಯ ಹಸ್ತಪ್ರತಿ, 1886ರಿಂದ 1986ರವರೆಗೆ. ಬರೆಯಲು ಹಿಡಿದವನು, ಮೇಜಿನ ಎದುರು ಕೂತಿದ್ದ ಮೋರ್ನಾಳ ಗಂಡ ಗ್ರೆಗರ್. ಮಾರ್ಚಿನಲ್ಲಿ ಅವನು ಸತ್ತ. ಕೊನೆಯ ಎರಡು ಅಧ್ಯಾಯ ಅವಳು ಬರೆದಳು. ಅವನು ಬರೆದದ್ದರಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ.

ಅಧ್ಯಕ್ಷ ಟೆನೆಂಟನ ಬೆರಳು 1924ರ ಪುಟದ ಮೇಲಿತ್ತು. ಕ್ಲಬ್ಬು ಗೆದ್ದ ಒಂದೇ ಕಪ್ ಆ ವರ್ಷದ್ದು. ಕೊನೆಯ ನಿಮಿಷದ ಪೆನಾಲ್ಟಿ ತಡೆದವನು ಗೋಲ್‌ಕೀಪರ್ ಅಲೆಕ್ ಪರ್ಡಿ. ಎರಡು ವರ್ಷದ ಮೇಲೆ, ಗಣಿ ಕೆಲಸಗಾರರ ಮುಷ್ಕರ ಮುರಿದು ಎಲ್ಲರಿಗಿಂತ ಮೊದಲು ಗಣಿಗಿಳಿದವನೂ ಅವನೇ. ಅಂದಿನಿಂದ ಕ್ಲಬ್ಬು ಅಚ್ಚು ಹಾಕಿದ ಪ್ರತಿ ಪಟ್ಟಿಯಲ್ಲೂ ಅವನ ಜಾಗದಲ್ಲಿ ‘ಟ್ರಯಲ್ ಆಟಗಾರ’ ಎಂದಷ್ಟೇ ಇತ್ತು. ಕ್ಲಬ್ಬಿಗೆ ಇನ್ನೂ ಸಹಿ ಹಾಕದವರನ್ನು ಒಂದೆರಡು ಆಟ ಆಡಿಸಿ ನೋಡುವಾಗ ಹಾಗೆ ಬರೆಯುತ್ತಾರೆ.

“ಯಾವಾಗ್ಲೂ ಹಾಕೋ ಹಾಗೆ ಹಾಕು. ಟ್ರಯಲ್ ಆಟಗಾರ.”

“ಕಪ್ ಆಟಕ್ಕೆ ಟ್ರಯಲ್ ಆಟಗಾರನ್ನ ಇಳಿಸೋ ಹಾಗಿಲ್ಲ, ಹ್ಯೂ,” ಎಂದಳು ಮೋರ್ನಾ. “ ಆಗ್ಲೂ ಇರ್ಲಿಲ್ಲ. ಮೋಸ ಮಾಡಿ ಗೆದ್ವಿ ಅಂತ ನೀವೇ ಬರ್ಕೊಟ್ಟ ಹಾಗಾಗುತ್ತೆ.”

ಖಜಾಂಚಿ ಲಾಕಿಯ ಬಾಯಲ್ಲಿ ಪೈ ನಿಂತುಬಿಟ್ಟಿತು. “ಅಯ್ಯೋ, ಹೌದಲ್ಲೋ! ಅರವತ್ತು ವರ್ಷ ನಾವೇ ಹಾಕ್ಕೊಂಡು ಬಂದ್ವಲ್ಲೋ! ಪಕ್ಕದೂರಿನ ಆ ಡಾಲ್‌ರಿಗ್ ಕತ್ತೆಗಳಿಗೆ ಗೊತ್ತಾದ್ರೆ ಪ್ರತಿ ಶನಿವಾರ ಇದೇ ಹಾಡು.”

“ಅದಕ್ಕೇ ಹೆಸರು ಇರ್ಲಿ,” ಎಂದಳು ಮೋರ್ನಾ.

ಟೆನೆಂಟ್ ಅವಳನ್ನು ನೋಡಲಿಲ್ಲ. “ಮುಷ್ಕರ ನಡೀತಿದ್ದಾಗ ನಂಗೆ ಎಂಟು ವರ್ಷ. ತಂಗಿ ಇನ್ನೂ ಕೂಸು. ಅವ್ವನ ಎದೆ ಬತ್ತೋಗಿತ್ತು. ನಾವು ಕೂಸನ್ನ ಮಣ್ಣು ಮಾಡಿ ಬರ್ತಿದ್ರೆ ಪರ್ಡಿ ಮನೇಲಿ ಬೇಕನ್ ಹುರೀತಿದ್ರು. ಬೀದಿಗೆಲ್ಲ ವಾಸನೆ.”

ಪೆನ್ನು ತೆಗೆದು ಪುಟದ ಮೂಲೆಯಿಂದ ಮೂಲೆಗೆ ಗೆರೆ ಎಳೆದ.

“ಆ ಕಪ್ ಕೂಡ ಬೇಡ. ನಾವು ಗೆದ್ದೇ ಇಲ್ಲ.”

“ಲೋ, ನಮಗಿರೋದೇ ಅದೊಂದು!”

“ಬಾಯ್ಮುಚ್ಚು, ಲಾಕಿ.”

ಮೋರ್ನಾ ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು. “ಅಚ್ಚಿಗೆ ಕೊಡ್ತೀನಿ. ಗ್ರೆಗರ್ ಬರೆದ ಹಾಗೇ.”

“ಕೊಟ್ಟು ನೋಡು. ಆಮೇಲೆ ಈ ಗೇಟಿನೊಳಗೆ ಕಾಲಿಡೋ ಹಾಗಿಲ್ಲ ನೀನು.”

ಲಾಕಿ ನೆಲ ನೋಡಿದ. ಗ್ರೆಗರ್‌ನ ಬೂದಿಯನ್ನು ಚೆಲ್ಲಿದ್ದು ರೈಲುಹಾದಿಯ ಕಡೆಯ ಗೋಲಿನ ಹಿಂದೆ. ಅಂದು ಮಳೆಯಲ್ಲಿ ಟೋಪಿ ತೆಗೆದು ನಿಂತಿದ್ದವರು ಇವರೇ. ಅಂದಿನಿಂದ ಪ್ರತಿ ಶನಿವಾರ ಮೋರ್ನಾ ಅಲ್ಲಿಯೇ ನಿಂತು ಆಟ ನೋಡುತ್ತಿದ್ದಳು.

“ಅವನು ಅಲ್ಲಿದಾನೆ, ಹ್ಯೂ.”

“ಅವನು ನಮ್ಮೋನು. ಅಲ್ಲೇ ಇರ್ತಾನೆ. ನಿನ್ನ ಮಾತು ನೀನು ನೋಡ್ಕೋ.”

ಅಳು ಬರಬಹುದೆಂದು ಅವಳು ಒಂದು ಕ್ಷಣ ಕಾದಳು. ಬರಲಿಲ್ಲ. ಹಸ್ತಪ್ರತಿಯನ್ನು ಕೋಟಿನೊಳಗೆ ಇಟ್ಟು ಗುಂಡಿ ಹಾಕಿಕೊಂಡಳು. ಹೊರಗೆ ಎರಡನೇ ಅರ್ಧದ ಸೀಟಿ ಕೇಳಿಸಿತು. ಗೋಲಿನ ಹಿಂದೆ ಅವಳು ನಿಲ್ಲುವ ಜಾಗದಲ್ಲಿ ಯಾರೂ ಇರಲಿಲ್ಲ.

ಗೇಟಿನವನು ಹೇಳಿದ: “ಟಿಕೆಟ್ ಚೂರು ಹುಷಾರಮ್ಮಾ. ವಾಪಸ್ ಬರೋವಾಗ ತೋರಿಸ್ಬೇಕು.”

ಅವಳು ಅದನ್ನು ಅವನ ಅಂಗೈಯಲ್ಲಿಟ್ಟು ಅಚ್ಚುಮನೆಯ ಬೀದಿಗೆ ತಿರುಗಿದಳು.